ತುಂಬು ಬಿಡಿಸುವ ಪಾಠ

ಗುರುವಾರ. ಬ್ಯಾಡಗಿ ಪೇಟೆಯ ಘಾಟು
ಕಿಟಕಿ ದಾಟಿ ಏಳನೇ ತರಗತಿಗೆ ಬಂದು ಕೂತಿತ್ತು.
ಹೆಸರು ಕರೆದರೆ ‘ಹಾಜರ್ ಸರ್’ ಅನ್ನುವ ಬದಲು
ಅರ್ಧ ಮಂದಿ ಸೀನಿದರು.
ಅದನ್ನೇ ಹಾಜರಿ ಅಂತ ಬರೆದುಕೊಂಡೆ.

ಮನೆಯಿಂದ ಒಂದೊಂದು ಜಾಹೀರಾತು ತನ್ನಿ ಅಂದಿದ್ದೆ.
ಬೆಂಚಿನ ಮೇಲೆ ಸಂತೆ:
ಶಾಂಪೂ ಚೀಟು, ಬಿಸ್ಕೀಟಿನ ಹಾಳೆ,
ಬೀಜದ ಕಂಪನಿಯ ಹೋದ ವರ್ಷದ ಕ್ಯಾಲೆಂಡರು.
ಗುಡ್ಡಪ್ಪ ಮಾತ್ರ ಏನೂ ತರದೆ
ಟೀವಿಯಲ್ಲಿ ಕೇಳಿದ್ದನ್ನು
ಅಂಗಿಯ ತೋಳು ಮಡಚಿ, ಕಣ್ಣು ಹೊಡೆದು
ಹೇಳಿ ತೋರಿಸಿದ.

ತರಬೇತಿಯಲ್ಲಿ ಕೊಟ್ಟ ಹಾಳೆಯಲ್ಲಿ
ದೊಡ್ಡ ದೊಡ್ಡ ಹೆಸರುಗಳಿದ್ದವು.
ಬೋರ್ಡಿನ ಮೇಲೆ ಬರೆದೆ. ಒಬ್ಬರೂ ಬಾಯಿ ಬಿಡಲಿಲ್ಲ.
ಅಳಿಸಿದೆ. ನೀವೇ ಇಡ್ರಿ ಹೆಸರು, ಅಂದೆ.
‘ಎಲ್ಲಾರೂ ತಗೊಂಡಾರ, ನೀವಷ್ಟ ಉಳದೀರಿ’ ಅನ್ನುವುದಕ್ಕೆ
ಕುರಿ ಹಿಂದ ಕುರಿ, ಅಂದಳು ಹಜರತ್‌ಬಿ.
ಹಲ್ಲು ಹುಳುಕಾದೀತು, ಮಾರ್ಕ್ಸು ಕಡಿಮಿ ಆದೀತು ಅನ್ನುವುದಕ್ಕೆ
ಗುಮ್ಮ.
ಬ್ಯಾಟು ಹಿಡಿದವನು ಸಿಮೆಂಟಿನ ಗುಣ ಹೇಳುವುದಕ್ಕೆ
ಬಹಳ ಹೊತ್ತು ಹೆಸರು ಸಿಗಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ,
‘ಮದಿವಿ ಮನ್ಯಾಗ ಬಾಜೂ ಊರ ಗೌಡ್ರು, ಸರ್.
ಅವರಿಗೆ ಹುಡುಗ ಗೊತ್ತಿಲ್ಲ, ಹುಡುಗಿ ಗೊತ್ತಿಲ್ಲ,
ಆದ್ರ ಮುಂದ ಕುಂದರಸ್ತಾರ.’

ಮಕ್ಕಳಿಗೆ ನಾನು ಹೇಳದೆ ಉಳಿಸಿಕೊಂಡದ್ದು ಒಂದಿದೆ.
ನಮ್ಮಪ್ಪ ಗೋಡೆ ಬರೆಯುತ್ತಿದ್ದ.
ಮೋಟೆಬೆನ್ನೂರಿನಿಂದ ಕಾಗಿನೆಲೆಯ ತನಕ
ಚಹಾಪುಡಿ, ತಂಬಾಕು, ಪಂಪುಸೆಟ್ಟು.
ಒಂದೇ ರಸ್ತೆಯಲ್ಲಿ ಮೂರು ಕಂಪನಿಯ ಗೊಬ್ಬರವನ್ನು
ಮೂರನ್ನೂ ನಂಬರ್ ಒನ್ ಮಾಡಿದವನು ಅವನೇ.
ಅವನಿಗೆ ಓದಲು ಬರುತ್ತಿರಲಿಲ್ಲ,
ಅಕ್ಷರ ಬಿಡಿಸಲು ಬರುತ್ತಿತ್ತು.
ಚೀಟಿ ನೋಡಿ, ಸುಣ್ಣದ ದಾರ ಚಿಟಿದು, ಗೆರೆಯ ಮೇಲೆ
ಒತ್ತು ಕೊಂಬು ಯಾವುದೂ ತಪ್ಪದ ಹಾಗೆ.
ಸುಳ್ಳಿಗೂ ಖರೇಕೂ ಅಕ್ಷರಕ್ಕೆ ಅದೇ ದರ.
ಕೆಂಪು ಬಣ್ಣದ ಡಬ್ಬಿ ಹಿಡಿದು ಏಣಿಯ ಬುಡದಲ್ಲಿ ನಾನು.
ನನ್ನ ಡಿ.ಎಡ್. ಫೀಜು ಆ ಗೋಡೆಗಳದ್ದು.

ಫಕ್ಕೀರವ್ವ ತಂದದ್ದು ಖಾರದಪುಡಿಯ ಪಾಕೀಟು.
‘ಅಮ್ಮನ ಕೈರುಚಿ.’ ರೇಷ್ಮೆ ಸೀರೆಯ ಹೆಂಗಸು,
ಒಂದು ಕೈ ಮೆಣಸಿನಕಾಯಿಯ ರಾಶಿಯಲ್ಲಿ,
ಇನ್ನೊಂದು ಮಗುವಿನ ಗಲ್ಲದ ಮೇಲೆ.
ಇದು ಯಾವುದು, ಕುರಿಯೋ ಗುಮ್ಮನೋ, ಕೇಳಿದೆ.
ಅವಳು ಅಕ್ಷರ ನೋಡಲಿಲ್ಲ, ಕೈ ನೋಡಿದಳು.
‘ಈಕಿ ತುಂಬು ಬಿಡಿಸಿಲ್ರೀ ಸರ್.
ಬಿಡಿಸಿದಾಕಿ ಹಿಂಗ ಗಲ್ಲಾ ಮುಟ್ಟೂದಿಲ್ಲ.
ನಮ್ಮವ್ವ ಮಾರ್ಕೆಟ್ಟಿನಿಂದ ಬಂದ್ರ
ತಮ್ಮನ್ನ ಮೊಣಕೈಲೇ ಎತ್ತಿಕೋತಾಳ.’

ಇದಕ್ಕೇನು ಹೆಸರಿಡೋಣ?
ಯಾರೂ ಇಡಲಿಲ್ಲ. ನನ್ನ ಹಾಳೆಯಲ್ಲೂ ಇರಲಿಲ್ಲ.

ಗಂಟೆ ಹೊಡೆಯುವುದರೊಳಗೆ ಮಾಲತೇಶ ಎದ್ದು ನಿಂತ,
ಬೆಳೆಯುವ ಮಕ್ಕಳಿಗೆಂದು ಬರೆದ ಡಬ್ಬಿಯನ್ನು ಎದೆಗೊತ್ತಿಕೊಂಡು.
‘ಎಲ್ಲಾ ತಿಳೀತ್ರೀ ಸರ್.
ಇದರಾಗ ಗುಮ್ಮನೂ ಐತಿ, ಕುರೀನೂ ಐತಿ.
ಆದ್ರೂ ಬೇಕ ಅನಸ್ತೈತಿ. ಯಾಕ್ರೀ?’
ಖಾಲಿ ಡಬ್ಬಿ. ಗಿರಣಿ ಮಾಲಕರ ಮನೆಯದಂತೆ.
ಮುಚ್ಚಳ ತೆಗೆದು ನನ್ನ ಮೂಗಿಗೂ ಹಿಡಿದ.
ಚಾಕಲೇಟಿನ ವಾಸನೆ.
ಚೆನ್ನಾಗಿತ್ತು.

ಸಂಜೆ ಸ್ಟೇಷನ್ ರಸ್ತೆಯಲ್ಲಿ ಬಂದೆ.
ಅಪ್ಪನ ಗೋಡೆ ಅಲ್ಲಿ ಇನ್ನೊಂದು ಉಳಿದಿದೆ.
ಗೊಬ್ಬರದ ಹೆಸರು ಹೋಗಿ, ಚೀಲದ ಚಿತ್ರ ಹೋಗಿ,
ಒನ್ ಹೋಗಿ, ಅದರ ಹಿಂದಿನದೂ ಉದುರಿ
‘ನಂಬ’
ಅಷ್ಟೇ ನಿಂತಿದೆ, ಎರಡು ಕೋಟು ಕೆಂಪಿನಲ್ಲಿ.
ಮುಂದಿನ ಅಕ್ಷರವನ್ನು ಮಳೆ ತಿಂದಿದೆ.
ಕೆಳಗೆ ಹೆಂಗಸರು ಟಂಟಂಗೆ ಕಾಯುತ್ತಿದ್ದರು,
ಕೈಗಳನ್ನು
ಮೈಯಿಂದ ದೂರ ಹಿಡಿದುಕೊಂಡು.