ಏಳು ಪ್ರಶ್ನೆಗಳ ಹಾಳೆ

ಹಾಲು ಕರೆಯುವ ಪಾಳಿ ಮುಗಿದ ಮೇಲೆ, ಗುರುವಾರ,
ಕೊಟ್ಟಿಗೆಯ ಹಿಂದೆ
ಆರು ಕ್ರೇಟು ಬೋರಲು ಹಾಕಿ
ಕೂರುತ್ತೇವೆ. ಮೇಷ್ಟರಿಲ್ಲ. ಅದೇ ನಿಯಮ.
ಮೋಲೋದ ಮಂಜು ತಗಡಿನ ಮೇಲೆ ಕೂತು
ತೊಟ್ಟಿಕ್ಕುತ್ತದೆ ಕಾಲರಿನೊಳಕ್ಕೆ.

ಎರಡನೇ ವರ್ಷದವಳು ನಾನು, ಅಕೋತ್.
ಮೊದಲ ವರ್ಷದ ಐವರಿಗೆ
ಮುಂದಾಳಾಗುವುದು ಹೇಗೆಂದು ಹೇಳಿಕೊಡಬೇಕಂತೆ.
ನನಗೆ ಹೇಳಿಕೊಟ್ಟವಳು ಜೆಪ್‌ಕೆಂಬೊಯಿ,
ಅವಳಿಗೆ ಯಾರೋ, ಆ ಯಾರಿಗೋ ಇನ್ಯಾರೋ,
ಬೀಜದ ಆಲೂಗಡ್ಡೆಯ ಹಾಗೆ:
ಹೋದ ಸಲದ್ದನ್ನೇ ಕೊಯ್ದು ಹೂಳುವುದು,
ಕಣ್ಣಿರುವ ಕಡೆ ನೋಡಿ ಕೊಯ್ಯಬೇಕು, ಅಷ್ಟೆ.

ಕೈಯಲ್ಲೊಂದು ಹಾಳೆ. ಏಳು ಪ್ರಶ್ನೆ.
ಜೆರಾಕ್ಸಿನ ಜೆರಾಕ್ಸ್ ಆಗಿ ಅಕ್ಷರಗಳಿಗೆ ಮೀಸೆ ಬಂದಿದೆ.

ಒಂದು: ನೀನು ತಪ್ಪು ಮಾಡಿದ್ದು ಯಾವಾಗ?
ಬರಾಸ ಹೇಳಿದ: ಅಪ್ಪನ ಹೊಲದಲ್ಲಿ
ಮೆಕ್ಕೆಜೋಳ ಆಳಕ್ಕೆ ಬಿತ್ತಿಬಿಟ್ಟೆ,
ಮಣ್ಣು ಒಡೆದು ಮೇಲೆ ಬಂದದ್ದು ಇಲಿ ಮಾತ್ರ.
ನಸೇರಿಯನ್ ನಕ್ಕು ನಕ್ಕು ಕ್ರೇಟಿನಿಂದ ಜಾರಿದಳು.
ಎರಡು, ಮೂರು, ಸರಾಗ.
ನಾಲ್ಕು: ನಿನ್ನ ಮಾತನ್ನು ಯಾರು ಕೇಳುತ್ತಾರೆ?

ಒಳಗೆ ಹಸುಗಳ ಮೆಲುಕಿನ ಸದ್ದು.

ಗುಯೋ, ಮರ್ಸಾಬಿಟ್ ಕಡೆಯವನು, ಒಂಟೆ ಕಾಯ್ದವನು,
ಆಲೂಗಡ್ಡೆ ಗಿಡವನ್ನು ಇಲ್ಲಿಗೆ ಬಂದೇ ಕಂಡವನು,
ಬೂಟಿನ ಕೆಸರನ್ನು ಕಡ್ಡಿಯಿಂದ ಕೀಳುತ್ತಿದ್ದ.
"ನೀನು ಹೇಳು" ಎಂದೆ. ಎಂದ ಕೂಡಲೇ
ನನ್ನ ಗಂಟಲಲ್ಲಿ ಜೆಪ್‌ಕೆಂಬೊಯಿ ಕೆಮ್ಮಿದಳು.
ಅದೇ ಎತ್ತಿದ ಗಲ್ಲ. ಅದೇ ಚಿಟಿಕೆ.
ಹೋದ ವರ್ಷ ಆ ಚಿಟಿಕೆಗೆ ಹೆದರಿ
ಎರಡು ಗುರುವಾರ ಜ್ವರ ಎಂದಿದ್ದೆ.

ಬಾಡುರೋಗ ದಾಟುವುದು ಹೀಗೆ, ಗೆಡ್ಡೆಯಿಂದ ಗೆಡ್ಡೆಗೆ.
ಹೊರಗೆ ನುಣ್ಣನೆ ಸಿಪ್ಪೆ. ಕೊಯ್ದರೆ ಕಂದು ಉಂಗುರ.
ಪರೀಕ್ಷೆಯಲ್ಲಿ ಇದನ್ನು ಬರೆದು ಇಪ್ಪತ್ತಕ್ಕೆ ಹದಿನೆಂಟು ತೆಗೆದಿದ್ದೆ.

ಆಗ ವಂಗೇಚಿ: "ಪ್ರಶ್ನೆಯನ್ನು ನೀನೇ ಕೇಳಬೇಕು ಅಂದವರು ಯಾರು?"
ಜಗಳಕ್ಕಲ್ಲ. ಟ್ರ್ಯಾಕ್ಟರಿಗೆ ಡೀಸೆಲ್ ಇದೆಯಾ
ಅನ್ನುವಷ್ಟು ಸಲೀಸು.
ಹಾಳೆ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ
ಯಾವುದೋ ಕಾಲದ ಮೇವಿನ ಲೆಕ್ಕ.

ಗುಯೋಗೆ ಕೊಟ್ಟೆ. ದೊಡ್ಡತನದಿಂದಲ್ಲ,
ಕೈ ನಡುಗುತ್ತಿತ್ತು, ಯಾರಾದರೂ ಹಿಡಿಯಬೇಕಿತ್ತು.
ಅವನು ಓದಲಿಲ್ಲ. ನಾಲ್ಕಾಗಿ ಮಡಿಸಿ
ಕುಂಟುತ್ತಿದ್ದ ತನ್ನ ಕ್ರೇಟಿನಡಿ ತುರುಕಿದ.
ಸಮವಾಯಿತು.
ಆಮೇಲೆ ಹೇಳಿದ: ನಮ್ಮ ಕಡೆ ಬಾವಿಯೊಳಗೆ
ಒಬ್ಬರ ಮೇಲೊಬ್ಬರು ನಿಂತು ನೀರೆತ್ತುತ್ತೇವೆ,
ಕೈಯಿಂದ ಕೈಗೆ. ಹಾಡು ತಳದವನಿಂದ ಶುರು.
ಅವನಿಗೆ ಒಂಟೆ ಕಾಣದು,
ಆಕಾಶವೂ ಒಂದು ತಟ್ಟೆಯಷ್ಟೇ.

"ಮೇಲಿನವನು?" ಎಂದ ಮುಥೆಂಗಿ.
"ಚೆಲ್ಲದೆ ಸುರಿಯಬೇಕು."
"ತಳದವನು ದಣಿದರೆ?"
"ಮೇಲಿನವನು ಇಳಿಯುತ್ತಾನೆ."

ಮುಂದಿನ ಗುರುವಾರ ವಂಗೇಚಿಯ ಸರದಿ.
ಕೆಟ್ಟದಾಗಿ ನಡೆಸಿದಳು.
ಬರಾಸನ ಬಾಯಿಗೆ ಬೀಗ ಹಾಕಲಾಗದೆ ಹೊತ್ತೇ ಮರೆತಳು,
ಕರುಗಳು ಹಸಿದು ಒದರಿದವು, ಮ್ಯಾನೇಜರ್ ಬಂದ.
ಬೈಸಿಕೊಳ್ಳಲು ಆರೂ ಜನ ಒಟ್ಟಿಗೇ ಎದ್ದೆವು,
ಯಾರೂ ಹೇಳಿಕೊಟ್ಟಿರಲಿಲ್ಲ.

ಊಟದ ಸಾಲಿನಲ್ಲಿ ಜೆಪ್‌ಕೆಂಬೊಯಿ ಸಿಕ್ಕಳು.
"ಏಳನೇ ಪ್ರಶ್ನೆ ಮುಟ್ಟಿದಿರಾ?"
ಇಲ್ಲ ಅಂದೆ.
"ನಾವೂ ಮುಟ್ಟಿರಲಿಲ್ಲ" ಎಂದಳು, ತಟ್ಟೆ ಮುಂದಕ್ಕೆ ಚಾಚುತ್ತ,
"ಅದೇನಿತ್ತೆಂದು ನನಗೂ ನೆನಪಿಲ್ಲ."