ಉಲ್ಟಾ ಚೂಡಿ

ಮಂಗಲಪೇಟ ದರ್ವಾಜಾದ ಇಳುಕಲಿನ್ಯಾಗ
ಆಷಾಢದ ಒಂದು ಮುಂಜಾನಿ ಫ್ರೀವೀಲ್ ಜಾಮ್ ಆಯ್ತು.
ಹ್ಯಾಂಡಲಿಗೆ ಜೋತುಬಿಟ್ಟ ಚೀಲದಾಗ ಏಳು ಜಂಪರು,
ಕಾಲು ನಿಲ್ಲಸೇನಂದ್ರ ಪೆಡಲ್ ನಿಲ್ಲವಲ್ಲದು.
ಹೆದರ್ಲಿಲ್ಲ. ಈ ಕುಣಿತ ನನಗ ಗೊತ್ತಿತ್ತು,
ಇಪ್ಪತ್ತಾರು ವರ್ಷ ಹೊಲಿಗಿ ಮಷೀನಿನ
ಪಾದಾನಿ ತುಳದಾಕಿ ನಾ.

ಶಹಾಗಂಜಿನ ಗೌಸೋದ್ದೀನ ಗಾಲಿ ಎತ್ತಿ ಕಿವಿ ಹಚ್ಚಿದ.
'ಮುಗೀತು ಬಾಯಿ. ಹೊಸಾದು ಹಾಕ್ತೀನಿ, ಹತ್ತು ನಿಮಿಷ.'
ಬ್ಯಾಡ, ಅಂದೆ. ಹೀಂಗೇ ಇರ್ಲಿ,
ಆದರ ಖರೇನ ಹೀಂಗ ಇರೂವಂಗ ಕಟ್ಟಿಕೊಡು.
ಅವ ನನ್ನ ನೋಡಿದ, ಚಹಾ ತರಿಸಿದ,
ಅರ್ಧಾ ಕುಡದ ಮ್ಯಾಲ ಅಂದ:
'ಜಾಮ್ ಆದದ್ದು ಬ್ಯಾರೆ, ಕಟ್ಟಿದ್ದು ಬ್ಯಾರೆ.
ಹಿಂದಕ್ಕ ಒತ್ತಿದ್ರ ಇದು ಬಿಚ್ಚಿಕೊಂತದ.
ಗಾಲಿ ಒಂದು ದಿಕ್ಕು, ನೀವೊಂದು ದಿಕ್ಕು.'

ಹಬ್ಬು ಸಿಗಲಕ್ಕ ಹನ್ನೊಂದು ದಿನ ಹಿಡೀತು.
ಹಲ್ಲಿನ ಚಕ್ರಕ್ಕ ಸೀದಾ ಚೂಡಿ ಬೇಕು,
ಅದರ ಹೊರಗ ಬಿಗಿಯೋ ಬಳಿಗೆ ಉಲ್ಟಾ ಚೂಡಿ.
ಒಂದು ಬಿಚ್ಚಲಕ್ಕ ಹೋದ್ರ ಇನ್ನೊಂದು ಬಿಗಿ ಆಗ್ತದ.
ಗಂಡ-ಹೆಂಡ್ತಿ ಇದ್ದಂಗ, ಅಂದ ಗೌಸ್.
ಎಲ್ಲಿಯ ಗಂಡ-ಹೆಂಡ್ತಿ, ಅಂದೆ.

ನೌಬಾದದ ಗುಜರಿಯಾಗ ಸಿಕ್ತು ಕಡೀಕ,
ಯಾವುದೋ ಸರ್ಕಸ್ ಕಂಪನಿ ಬಿಟ್ಟುಹೋದ ಸೈಕಲ್ಲಿಂದು.
ಕರಡಿ ಹೊಡದಿತ್ತೋ ಹುಡುಗಿ ಹೊಡದಿದ್ಳೋ
ಹಬ್ಬಿನ ಮ್ಯಾಲ ಬರದಿರಂಗಿಲ್ಲ.
ರಾತ್ರಿಯೆಲ್ಲಾ ಸೀಮೆಎಣ್ಣ್ಯಾಗ ನೆನಿಸಿಟ್ಟು
ಮುಂಜಾನಿ ಛರ್ರಾ ಅಂಗೈಯಾಗ ಎಣಿಸಿದ್ವಿ:
ಹದಿನೆಂಟರಾಗ ಎರಡು ಸವದಿದ್ವು.
ಎಲ್ಲಾ ಬದಲು ಮಾಡು, ಅಂದೆ;
ಹಳಿ ಗುಂಡಿಗಳ ನಡು ಎರಡೇ ಹೊಸಾ ಗುಂಡಿ ಹಚ್ಚಿದ ಅಂಗಿ
ಆ ಎರಡನ್ನೇ ಊರಿಗೆಲ್ಲಾ ತೋರಸ್ತದ.

ಹಲ್ಲಿನ ಲೆಕ್ಕಕ್ಕ ಜಗಳ ಆಯ್ತು.
ಮುಂದ ನಲವತ್ತೆಂಟು, ಹಿಂದ ಹದಿನಾರು, ಸಸ್ತಾ ಅದ, ಅಂದ.
ನನ್ನ ಕತ್ತರಿಸೋ ಸುಣ್ಣದಿಂದ ಅವನ ಕಟ್ಟಿ ಮ್ಯಾಲೇ ಬರದೆ:
ಸರಿಯಾಗಿ ಮೂರಲೆ ಭಾಗ ಹೋಗ್ತದ,
ಕಾಲು ಬಿಗಿಹಿಡಿದು ಜಾರಿಸಿದಾಗೆಲ್ಲಾ
ಟಯರಿನ ಒಂದೇ ಜಾಗ ನೆಲಕ್ಕ ತಿಕ್ಕತದ,
ನಿನ್ನ ಪಾಯಿಜಾಮದ ಮೊಣಕಾಲಿನಂಗ.
ಹದಿನೇಳು ಹಾಕು.
ಯಾವುದರಲೇನೂ ಭಾಗ ಹೋಗದ ಹಟಮಾರಿ ಅದು.
ಸವಿಯೋದೇ ಆದ್ರ ಹದಿನೇಳು ಕಡಿ ಹಂಚಿಕೊಂಡು ಸವೀಲಿ.

ಸಾಮಾನು ಅರ್ಧಾ ಅವನವು, ಅರ್ಧಾ ನನ್ನವು.
ಬಳಿ ಬಿಗಿಯೋ ಕೊಕ್ಕಿ ಪಾನಾ ಬೀದರದಾಗ ಎಲ್ಲೂ ಇರ್ಲಿಲ್ಲ,
ಮೊಂಡ ಕುಡಗೋಲಿನ ತುದಿ ಕಾಸಿ ಬಡದು ಮಾಡಸಿದ್ವಿ.
ಚೈನ್ ನೆಟ್ಟಗದನೋ ನೋಡಲಕ್ಕ
ಮುಂದಿನ ಹಲ್ಲಿನಿಂದ ಹಿಂದಿನ ಹಲ್ಲಿಗೆ
ನಾ ಬಿಳಿ ದಾರ ಎಳದು ಹಿಡದೆ.
ಅಕ್ಕಿಕಾಳಿನಷ್ಟು ಸೊಟ್ಟ.
ತೆಳ್ಳನ ವಾಸರ್ ಒಂದು ಹಾಕಿದ, ದಾರ ಸುಮ್ಮನಾಯ್ತು.
ಸಡಿಲು ಅರ್ಧಾ ಇಂಚು, ಟೇಪ್ ಇಟ್ಟು ಅಳದೆ.
ಎಣ್ಣಿ ಮಾತ್ರ ನನ್ನ ಮಷೀನಿಂದು ಬ್ಯಾಡ ಅಂದ, ತೆಳು ಭಾಳ.

ಬ್ರೇಕ್ ಬ್ಯಾಡ ಅಂದಿದ್ದೆ.
ಅವ ಏನೂ ಅನ್ನಲಿಲ್ಲ, ಎಡಗೈ ಎತ್ತಿ ತೋರಿಸಿದ.
ನಡುಬೆರಳಿಗೆ ಮೊದಲ ಗಿಣ್ಣು ಇಲ್ಲ.
'ಗಾಲಿ ತಿರಗೂವಾಗ ಚೈನ್ ಒರಸಲಕ್ಕ ಹೋಗಿದ್ದೆ.
ಫ್ರೀ ಇಲ್ಲದ ಗಾಲಿ, ನಿಲ್ಲಲಿಲ್ಲ.'
ಇಷ್ಟು ವರ್ಷ ಚಿಲ್ಲರ ಎಣಿಸಿ ಕೊಡೂವಾಗ
ನಾ ನೋಡಿರಲೇ ಇಲ್ಲ ಆ ಕೈ.
ಮುಂದಿನ ಗಾಲಿಗೆ ಬ್ರೇಕ್ ಬಂತು.
ಸೀರಿ ಬಿಟ್ಟು ಚೂಡಿದಾರಕ್ಕ ಬಂದೆ,
ಬಲಗಾಲಿಗೆ ಒಂದು ಪಟ್ಟಿ ಹೊಲಕೊಂಡೆ.

ಮಜೂರಿ ತಗೋಲಿಲ್ಲ ಅವ.
ಈದಿಗೆ ಕುರ್ತಾ ಹೊಲದುಕೊಟ್ಟೆ, ಮಗ್ಗಲಿಗೆ
ಹದಿನೈದು ನಂಬರ್ ಪಾನಾ ಹಿಡಿಯೂವಷ್ಟೇ ಜೇಬು.
'ಬಿಗಿ ಆಗ್ಯಾದಲ್ಲ ಬಾಯಿ.'
ಇರ್ಲಿ, ಅಂದೆ.

ಕೆಟ್ಟ ಫ್ರೀವೀಲ್ ನನ್ನ ಗುಂಡಿ ಡಬ್ಬ್ಯಾಗ ಬಿದ್ದದ.
ಗಿರಾಕಿ ಇಲ್ಲದ ಮಧ್ಯಾಹ್ನ ತೆಗದು ತಿರುವ್ತೀನಿ.
ಒಮ್ಮೊಮ್ಮಿ ಬಿಡ್ತದ, ಟಿಕಟಿಕ ಟಿಕಟಿಕ
ಯಾರ ಕಾಲೂ ಕೇಳದ ತಿರುಗು.
ಆಮ್ಯಾಲ ಮತ್ತ ಹಿಡಕೊಂತದ.