ಚೀಟಿ ಸಮೇತ

ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ
ಜೆರಾಕ್ಸ್ ಅಂಗಡಿಯ ಪಕ್ಕ ನಾಲ್ಕು ಮೆಟ್ಟಿಲಿಳಿದರೆ
ಮೆಲ್ವಿನ್ನನ ಅಂಗಡಿ.
ಆರು ಡಿಸ್ಕು ತಂದಿದ್ದೆ,
ಔಷಧಿ ಅಂಗಡಿಯ ಕವರಿನಲ್ಲಿ.

"ಮಗನದ್ದಾ ಮೇಡಂ?"
ನನ್ನದೇ ಅಂದೆ.
ನನ್ನ ನರೆಗೂದಲನ್ನೊಮ್ಮೆ, ಕವರನ್ನೊಮ್ಮೆ ನೋಡಿ
ಮೇಜಿನ ಮೇಲೆ ಮೆತ್ತಗಿನ ಬಟ್ಟೆ ಹಾಸಿದ.

ಒಂದೊಂದನ್ನೇ ಅಂಚು ಹಿಡಿದೆತ್ತಿ
ಟ್ಯೂಬ್‌ಲೈಟಿಗೆ ಓರೆ ಮಾಡಿ ನೋಡುತ್ತಾನೆ.
ಗೊತ್ತು ನನಗೆ ಆ ಓರೆ.
ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ
ಸ್ಲೈಡಿನ ಮೇಲೆ ಯಾರದೋ ರಕ್ತ ಬಳಿದು
ಹೀಗೇ ಬೆಳಕಿಗೆ ಹಿಡಿದವಳು.
ಅವನು ಹುಡುಕುವುದು ಗೀರು, ನಾನು ಬೇರೇನೋ.
ಸಿಕ್ಕರೆ ಇಬ್ಬರಿಗೂ ಮುಖ ಸಪ್ಪಗೆ.

"ಇದು ಎಷ್ಟಕ್ಕೆ ತಗೊಂಡ್ರಿ?"
ಮೂರು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಹೇಳುವಾಗಲೇ ನಾಚಿಕೆ,
ಆ ಒಂದು ರೂಪಾಯಿ ಉಳಿಸಿದ ಹೆಮ್ಮೆಯೂ.
"ಇನ್ನೂರೈವತ್ತು ಮಾಡುವ."
ಇದು?
"ನೂರಾ ಎಂಬತ್ತು."
ಇದು?
"ಫುಟ್‌ಬಾಲು. ಹೋದ ವರ್ಷದ್ದಲ್ವಾ,
ಹಳೇ ಕ್ಯಾಲೆಂಡರು ಮೇಡಂ. ನಲವತ್ತು."
ಹಣದ ಬದಲು ಬೇರೆ ಆಟ ಒಯ್ದರೆ
ಮೇಲೆ ನೂರು ಸೇರಿಸುತ್ತಾನಂತೆ.
ದೊಡ್ಡ ಉಪಕಾರ.

ನಮ್ಮ ಬೀದಿಯ ಗುಜರಿಯವನಾದರೂ ತಕ್ಕಡಿ ತರುತ್ತಾನೆ,
ಮುಳ್ಳು ಓಲಾಡುವಷ್ಟು ಹೊತ್ತು
ಜಗಳಕ್ಕೊಂದು ಜಾಗ ಇರುತ್ತದೆ.
ಇಲ್ಲಿ ತೂಗುವುದು ಏನನ್ನು?

ಮಂಗನ ಕಾಯಿಲೆಯ ಆ ಬೇಸಿಗೆ
ಸಾಗರದಿಂದ, ತೀರ್ಥಹಳ್ಳಿಯಿಂದ
ಐಸ್ ಪೆಟ್ಟಿಗೆಗಳು ಬರುತ್ತಲೇ ಇದ್ದವು.
ಹೆಸರು, ವಯಸ್ಸು, ಜ್ವರ ಬಂದ ದಿನ.
ನೈಟ್ ಡ್ಯೂಟಿ ಮುಗಿಸಿ ವಿನೋಬನಗರಕ್ಕೆ ಬಂದರೆ
ಕಣ್ಣು ಮುಚ್ಚಿದರೂ ನಳಿಕೆಗಳ ಸಾಲು.
ಆಗ ಚಪ್ಪಲಿಯನ್ನೂ ಬಿಡದೆ ಕೂತು
ಹಿಮದ ನಾಡಿನಲ್ಲಿ ಕುದುರೆ ಓಡಿಸುತ್ತಿದ್ದೆ,
ಹಾಲಿನವನು ಬೆಲ್ ಒತ್ತುವವರೆಗೆ.
ಅಲ್ಲಿ ಯಾರಿಗೂ ಜ್ವರವಿರಲಿಲ್ಲ.
ಸತ್ತರೂ ಸೇತುವೆಯ ಈಚೆ ಎದ್ದು ನಿಲ್ಲಬಹುದಿತ್ತು,
ತಲೆಯ ಟೋಪಿ ಕೂಡ ಅಲುಗದೆ.

ಇನ್ನೂರ ಹನ್ನೊಂದು ಗಂಟೆ. ಯಂತ್ರವೇ ಇಟ್ಟ ಲೆಕ್ಕ.
ಗಂಟೆಗೆ ಒಂದು ರೂಪಾಯಿ ಹದಿನೆಂಟು ಪೈಸೆ.
ಮೆಲ್ವಿನ್ ಅದನ್ನು ಕೇಳುವುದಿಲ್ಲ. ಯಾಕೆ ಕೇಳಬೇಕು?
ಅವನ ನಾಲ್ಕು ಮೆಟ್ಟಿಲಿಗೂ ಬಾಡಿಗೆ ಇದೆ,
ಈಗಿನ ಹುಡುಗರು ಡಿಸ್ಕು ಮುಟ್ಟುವುದಿಲ್ಲ,
ಎಲ್ಲ ಗಾಳಿಯಲ್ಲೇ ಇಳಿಸಿಕೊಳ್ಳುತ್ತಾರೆ.
"ಇನ್ನೆರಡು ವರ್ಷ ಮೇಡಂ,
ಆಮೇಲೆ ನಾನೂ ಮೊಬೈಲ್ ಕವರ್ ಮಾರುವುದೇ."

ಕುದುರೆಯ ಡಬ್ಬಿ ತೆರೆದಾಗ ಚೀಟಿಯೊಂದು ಬಿತ್ತು.
ರಕ್ತಪರೀಕ್ಷೆಯ ಫಾರಮಿನ ಬೆನ್ನಿಗೆ ನನ್ನದೇ ಅಕ್ಷರ:
ಗಣಿಯ ಬಾಗಿಲು. ಮೂರು ದೀಪ.
ಎರಡನೇ ತಿರುವು ಬಲಕ್ಕೆ.
ಮುದುಕಿಯನ್ನು ನಂಬಬೇಡ.
"ಇದು ಇಟ್ಕೊಳ್ಳಿ, ಇದಕ್ಕೆ ರೇಟಿಲ್ಲ."
ಅಲ್ಲೇ ಇರಲಿ ಬಿಡಪ್ಪ, ಅಂದೆ.

ಒಟ್ಟು ಏಳುನೂರ ಹತ್ತು.
ರಸೀದಿಗೆ ಹೆಸರು ಕೇಳಿದ. ಪ್ರಫುಲ್ಲಾ ಅಂದೆ.
ಪ್ರಪುಲ್ಲ ಎಂದು ಬರೆದ. ತಿದ್ದಲಿಲ್ಲ.
ಮಿಕ್ಸಿ ಜಾರಿಗೆ ಹೊಸ ಬ್ಲೇಡು ಹಾಕಿಸಿ
ಉಳಿದದ್ದನ್ನು ಎಲ್ಲಿ ಕಳೆದೆನೋ ನೆನಪಿಲ್ಲ.

ಹತ್ತು ದಿನದ ಮೇಲೆ
ಆಧಾರ್ ಜೆರಾಕ್ಸಿಗೆಂದು ಹೋದವಳು
ಸುಮ್ಮನೆ ಮೆಟ್ಟಿಲಿಳಿದೆ.
ಗಾಜಿನ ಹಿಂದೆ ನನ್ನ ಕುದುರೆ.
ಮುಖದ ಮೇಲೇ ಅಂಟಿಸಿದ ಬೆಲೆ, ಸಾವಿರದ ಮುನ್ನೂರು.
ಕೆಳಗೆ ಕೆಂಪು ಶಾಯಿಯಲ್ಲಿ:
"ಒಳಗೆ ಮ್ಯಾಪ್ ಉಂಟು. ಐವತ್ತು ಎಕ್ಸ್‌ಟ್ರಾ."

ಬೈಯಲೆಂದೇ ಬಾಯಿ ತೆರೆದೆ.
ಅವನು ತಲೆ ಕೆರೆದುಕೊಂಡ.
ಎಂಟನೇ ಕ್ಲಾಸಿರಬಹುದು, ಹುಡುಗನೊಬ್ಬ
ಗಾಜಿಗೆ ಮೂಗು ಒತ್ತಿ
ಬೆವರಿದ ನೋಟುಗಳನ್ನು ಎರಡನೇ ಸಲ ಎಣಿಸುತ್ತಿದ್ದ.

ಆ ಡಬ್ಬಿ ಕೊಡು ಒಂದ್ನಿಮಿಷ, ಅಂದೆ.
"ವಾಪಸ್ ಬೇಕಾ ಮೇಡಂ?"
ಬೇಡ. ಪೆನ್ನು ಕೊಡು.
ಎರಡನೇ ತಿರುವು ಬಲಕ್ಕಲ್ಲ,
ಎಡಕ್ಕೆ.